ಹಿತ್ತಲ ಗಿಡದ ಎಣ್ಣೆ ಮದ್ದೇ? ನೀಲಗಿರಿ ಎಣ್ಣೆ, ಕರ್ಪೂರ ಮತ್ತು ನಮ್ಮ ಮನೆಯ ಮಕ್ಕಳು



ಜೂನ್ ತಿಂಗಳು ಕಾಲಿಟ್ಟಿತೆಂದರೆ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಗಡಿ, ಕೆಮ್ಮು, ಮೂಗು ಕಟ್ಟುವ ಕಾಲ. ಡಾಕ್ಟರ ಬಳಿ ಹೋಗುವ ಮೊದಲು ನಮ್ಮ ಮನೆಗಳ ಕಪಾಟಿನಿಂದ ಹೊರಬರುವುದು ಒಂದು ಪುಟ್ಟ ಬಾಟಲಿ. ಊಟಿಗೆ ಹೋದಾಗ ಕೊಂಡದ್ದು, ಇಲ್ಲವೇ ಊರಿನಿಂದ ಬಂದ ಅತ್ತೆ ಮಾವ ಸೂಟ್‌ಕೇಸಿನಲ್ಲಿ ಸೀರೆ ಪಂಚೆಗಳ ನಡುವೆ ಸುತ್ತಿ ತಂದದ್ದು, ಅದೂ ಇಲ್ಲವಾದರೆ ಇಲ್ಲಿಯ ಸೂಪರ್ ಮಾರ್ಕೆಟ್‌ನಲ್ಲೇ ಸಿಕ್ಕಿದ್ದು. ಅದೇ ನೀಲಗಿರಿ ಎಣ್ಣೆ! ಕರವಸ್ತ್ರಕ್ಕೆ ಎರಡು ಹನಿ, ಹಬೆ ತೆಗೆದುಕೊಳ್ಳುವ ಬಿಸಿನೀರಿಗೆ ನಾಲ್ಕು ಹನಿ. ಕೆಲವು ಮನೆಗಳಲ್ಲಿ ಸಕ್ಕರೆಯ ಮೇಲೆ ಒಂದೆರಡು ಹನಿ ಹಾಕಿ ಬಾಯಿಗೂ ಕೊಡುವುದುಂಟು. "ಗಿಡದ ಎಣ್ಣೆ ತಾನೇ, ಏನಾಗುತ್ತೆ?" ಎಂಬ ಧೈರ್ಯ.

ಇದೇ ಧೈರ್ಯದ ಬಗ್ಗೆ ಈ ಬಾರಿ ಸ್ವಲ್ಪ ಯೋಚಿಸೋಣ. ಏಕೆಂದರೆ ಆಸ್ಟ್ರೇಲಿಯಾದ ಅಂಕಿ ಅಂಶಗಳು ಬೇರೆಯೇ ಕಥೆ ಹೇಳುತ್ತವೆ.

ಅಂಕಿ ಅಂಶಗಳು ಏನು ಹೇಳುತ್ತವೆ?

ಸಿಡ್ನಿಯ ವೆಸ್ಟ್‌ಮೀಡ್ ಮಕ್ಕಳ ಆಸ್ಪತ್ರೆಯಲ್ಲಿರುವ ನ್ಯೂ ಸೌತ್ ವೇಲ್ಸ್ ವಿಷ ಮಾಹಿತಿ ಕೇಂದ್ರಕ್ಕೆ ಬಂದ ಫೋನ್ ಕರೆಗಳ ಅಧ್ಯಯನವೊಂದು 2020ರಲ್ಲಿ ಮೆಡಿಕಲ್ ಜರ್ನಲ್ ಆಫ್ ಆಸ್ಟ್ರೇಲಿಯಾದಲ್ಲಿ ಪ್ರಕಟವಾಯಿತು. 2014ರ ಜುಲೈನಿಂದ 2018ರ ಜೂನ್‌ವರೆಗಿನ ನಾಲ್ಕು ವರ್ಷಗಳಲ್ಲಿ ಎಸೆನ್ಷಿಯಲ್ ಆಯಿಲ್‌ಗಳಿಗೆ ಸಂಬಂಧಿಸಿದಂತೆ ಆ ಕೇಂದ್ರಕ್ಕೆ ಬಂದ ಪ್ರಕರಣಗಳು 4,412. ಇವುಗಳಲ್ಲಿ ಶೇ. 63ರಷ್ಟು ಮಕ್ಕಳದ್ದು. ಹೆಚ್ಚಿನವು ಆಕಸ್ಮಿಕ. ಮೊದಲ ಸ್ಥಾನ ಯಾವ ಎಣ್ಣೆಗೆ ಗೊತ್ತೇ? ನಮ್ಮ ನೀಲಗಿರಿ ಎಣ್ಣೆಗೆ. ಒಟ್ಟು ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಅದರದ್ದೇ. ನಂತರದ ಸ್ಥಾನ ಟೀ ಟ್ರೀ ಎಣ್ಣೆಗೆ, ಆಮೇಲೆ ಲ್ಯಾವೆಂಡರ್, ಲವಂಗ, ಪೆಪ್ಪರ್‌ಮಿಂಟ್ ಎಣ್ಣೆಗಳು. ವರ್ಷದಿಂದ ವರ್ಷಕ್ಕೆ ಕರೆಗಳು ಏರುತ್ತಿದ್ದವು ಎಂಬುದನ್ನೂ ಅಧ್ಯಯನಕಾರರು ಗುರುತಿಸಿದರು. ನೆನಪಿಡಿ, ಇದು ಒಂದು ಕೇಂದ್ರದ ಲೆಕ್ಕ ಮಾತ್ರ.

ಆ ವರದಿಯಲ್ಲಿ ಇನ್ನೊಂದು ಗಮನಿಸಬೇಕಾದ ವಿಷಯವಿದೆ. ಕೆಲವು ಪ್ರಕರಣಗಳಲ್ಲಿ ಮಗು ತಾನಾಗಿ ಬಾಟಲಿ ತೆಗೆದು ಕುಡಿದದ್ದಲ್ಲ. ದೊಡ್ಡವರೇ ಕೆಮ್ಮಿನ ಔಷಧ ಎಂದು ತಿಳಿದು, ಪಕ್ಕದಲ್ಲಿದ್ದ ಎಣ್ಣೆಯ ಬಾಟಲಿಯಿಂದ ಚಮಚಕ್ಕೆ ಬಗ್ಗಿಸಿದ್ದು! ಎರಡೂ ಕಂದು ಬಣ್ಣದ ಪುಟ್ಟ ಗಾಜಿನ ಬಾಟಲಿಗಳು. ಎರಡರ ಜಾಗವೂ ಒಂದೇ ಶೆಲ್ಫ್. ಅರ್ಧ ರಾತ್ರಿ, ಅಳುವ ಮಗು, ನಿದ್ದೆಗಣ್ಣು... ಆಗುವುದಕ್ಕೆ ಇನ್ನೇನು ಬೇಕು?

ಮೆಲ್ಬರ್ನ್‌ನ ಅನುಭವ

ಇದು ಹೊಸ ಸಮಸ್ಯೆಯೇನಲ್ಲ. ಮೆಲ್ಬರ್ನ್‌ನ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಗೆ 1981ರಿಂದ 1992ರವರೆಗೆ ನೀಲಗಿರಿ ಎಣ್ಣೆ ಕುಡಿದು ದಾಖಲಾದ 109 ಮಕ್ಕಳ ವಿವರ 1995ರಲ್ಲಿ ಪ್ರಕಟವಾಗಿತ್ತು. ಅವರಲ್ಲಿ ಶೇ. 59ರಷ್ಟು ಮಕ್ಕಳಿಗೆ ತೊಂದರೆ ಕಾಣಿಸಿಕೊಂಡಿತ್ತು. ಕೆಲವರಿಗೆ ವಾಂತಿ, ಕೆಲವರಿಗೆ ನಡೆಯುವಾಗ ತೂರಾಟ. ಶೇ. 28ರಷ್ಟು ಮಕ್ಕಳಿಗೆ ಮಂಪರು ಅಥವಾ ಪ್ರಜ್ಞೆ ಕುಂದಿತ್ತು. ಐದರಿಂದ ಹತ್ತು ಮಿಲಿ ಲೀಟರ್ ಕುಡಿದ ಮೂವರು ಮಕ್ಕಳು ಪ್ರಜ್ಞೆಯನ್ನೇ ಕಳೆದುಕೊಂಡಿದ್ದರು. ಐದು ಮಿಲಿ ಲೀಟರ್ ಎಂದರೆ ಒಂದೇ ಒಂದು ಟೀ ಚಮಚ.

ಮಕ್ಕಳ ಕೈಗೆ ಅದು ಸಿಕ್ಕಿದ್ದಾದರೂ ಹೇಗೆ? ಮೆಲ್ಬರ್ನ್‌ನಲ್ಲೇ ನಡೆದು 1997ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇದನ್ನು ಹುಡುಕಿತು. ಬಹಳಷ್ಟು ಪ್ರಕರಣಗಳಲ್ಲಿ ಮಗುವಿನ ನೆಗಡಿಗೆಂದೇ ಕೋಣೆಯಲ್ಲಿ ಇಟ್ಟಿದ್ದ ವೇಪೊರೈಸರ್, ಅಂದರೆ ಹಬೆ ಯಂತ್ರ, ನೆಲದ ಮೇಲಿತ್ತು. ಅಂಬೆಗಾಲಿಡುವ ಮಗುವಿಗೆ ಅದು ಎಟುಕುವ ಎತ್ತರ. ಅದರಲ್ಲಿದ್ದದ್ದು ಎಣ್ಣೆ. ಆರೈಕೆಗೆ ಇಟ್ಟ ವಸ್ತುವೇ ಅಪಾಯ ತಂದಿತು.

ಈಗ ಇದರ ಇನ್ನೊಂದು ಮುಖವನ್ನೂ ಹೇಳಬೇಕು. 1993ರಲ್ಲಿ ಕ್ವೀನ್ಸ್‌ಲ್ಯಾಂಡ್‌ನಿಂದ ಬಂದ ವರದಿಯಲ್ಲಿ 41 ಮಕ್ಕಳ ಪೈಕಿ 33 ಮಕ್ಕಳಿಗೆ ಏನೂ ಆಗಿರಲಿಲ್ಲ. ಹಾಗಾದರೆ ಯಾರು ಹೇಳಿದ್ದು ಸರಿ? ಎರಡೂ ಸರಿಯೇ. ಎಷ್ಟು ಹೊಟ್ಟೆಗೆ ಹೋಯಿತು, ಎಷ್ಟು ಹೊರಗೆ ಚೆಲ್ಲಿತು, ಮಗುವಿನ ತೂಕವೆಷ್ಟು, ಎಣ್ಣೆ ಶ್ವಾಸಕೋಶಕ್ಕೆ ಇಳಿಯಿತೋ ಇಲ್ಲವೋ ಎಂಬುದರ ಮೇಲೆ ಪರಿಣಾಮ ಬದಲಾಗುತ್ತದೆ. "ನಮ್ಮ ಮಕ್ಕಳಿಗೆಲ್ಲಾ ಕೊಟ್ಟಿದ್ದೇವೆ, ಯಾರಿಗೂ ಏನೂ ಆಗಿಲ್ಲ" ಎನ್ನುವ ಅಜ್ಜಿಯ ಮಾತು ಸುಳ್ಳಲ್ಲ. ಆದರೆ ಮುಂದಿನ ಮಗುವಿಗೆ ಅದು ಭರವಸೆಯೂ ಅಲ್ಲ. ಯಾವ ಮಗುವಿಗೆ ಏನಾಗುತ್ತದೆ ಎಂದು ಮೊದಲೇ ಹೇಳಲಾಗದಿರುವುದೇ ಇಲ್ಲಿಯ ಅಪಾಯ.

ಎಲೆ ಬೇರೆ, ಎಣ್ಣೆ ಬೇರೆ

"ಎಸೆನ್ಷಿಯಲ್" ಎಂದರೆ ಇಲ್ಲಿ "ಅತ್ಯಗತ್ಯ" ಎಂದು ಅರ್ಥವಲ್ಲ. ಎಸೆನ್ಸ್, ಅಂದರೆ ಸಾರ, ಸತ್ವ ಎಂಬುದರಿಂದ ಬಂದ ಹೆಸರು. ಎಲೆಯನ್ನೋ ತೊಗಟೆಯನ್ನೋ ಮೊಗ್ಗನ್ನೋ ಬಟ್ಟಿ ಇಳಿಸಿ ತೆಗೆದ ಸತ್ವ. ನೂರು ಕಿಲೋ ನೀಲಗಿರಿ ಎಲೆ ಬಟ್ಟಿ ಇಳಿಸಿದರೆ ಸಿಗುವುದು ಒಂದೆರಡು ಕಿಲೋ ಎಣ್ಣೆ. ಅಂದಮೇಲೆ ಎಣ್ಣೆಯ ಒಂದು ಚಮಚದಲ್ಲಿ ಎಷ್ಟು ಎಲೆ ಅಡಗಿದೆ ಎಂದು ನೀವೇ ಲೆಕ್ಕ ಹಾಕಿ. ಸಾರಿಗೆ ಎರಡು ಲವಂಗ ಹಾಕುವುದಕ್ಕೂ ಲವಂಗದ ಎಣ್ಣೆ ಕುಡಿಯುವುದಕ್ಕೂ ಅಜಗಜಾಂತರ. ಹಲ್ಲು ನೋವಿಗೆ ಹತ್ತಿಯಲ್ಲಿ ಒಂದು ಹನಿ ಇಟ್ಟುಕೊಳ್ಳುವ ಲವಂಗದ ಎಣ್ಣೆಯನ್ನು ಐದರಿಂದ ಹತ್ತು ಮಿಲಿ ಲೀಟರ್‌ನಷ್ಟು ಕುಡಿದ ಎರಡು ವರ್ಷದ ಮಗುವೊಂದು ಕೋಮಾಕ್ಕೆ ಹೋಗಿ, ಅದರ ಯಕೃತ್ತಿಗೂ ತೀವ್ರ ಹಾನಿಯಾದ ಬಗ್ಗೆ ಬ್ರಿಟನ್ನಿನ ವೈದ್ಯರು 1993ರಲ್ಲಿ ಬರೆದಿದ್ದಾರೆ.

ಊಟಿಯ ಅಂಗಡಿಗಳಲ್ಲಿ ನೀಲಗಿರಿ ಎಣ್ಣೆಯ ಪಕ್ಕದಲ್ಲೇ ಸಿಗುವ ಇನ್ನೊಂದು ಬಾಟಲಿ ವಿಂಟರ್‌ಗ್ರೀನ್ ಎಣ್ಣೆ. ಮಂಡಿ ನೋವಿಗೆ ಹಚ್ಚುವವರು ಬಹಳ. ಅದರ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್, ಅಂದರೆ ಆಸ್ಪಿರಿನ್ ಬಳಗದ ರಾಸಾಯನಿಕ. ಅದರ ಒಂದು ಟೀ ಚಮಚ 20ಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಿಗೆ ಸಮ. ಹಚ್ಚುವ ಎಣ್ಣೆ ಹೊಟ್ಟೆಗೆ ಹೋದರೆ ಪುಟ್ಟ ಮಗುವಿನ ಪ್ರಾಣಕ್ಕೇ ಸಂಚಕಾರ.

ಕರ್ಪೂರದ ವಿಷಯ

ಕರ್ಪೂರವಿಲ್ಲದ ಕನ್ನಡಿಗರ ದೇವರ ಮನೆ ಉಂಟೇ? ಪೂಜೆಗೆ ಹಚ್ಚುವ ಕರ್ಪೂರ ಬೇರೆ, ತೀರ್ಥಕ್ಕೆ, ಸಿಹಿ ತಿಂಡಿಗೆ ಚಿಟಿಕೆ ಬೆರೆಸುವ ಪಚ್ಚಕರ್ಪೂರ ಬೇರೆ. ಇಂದು ಅಂಗಡಿಯಲ್ಲಿ ಸಿಗುವ ಆರತಿ ಕರ್ಪೂರ ಸಾಮಾನ್ಯವಾಗಿ ಟರ್ಪೆಂಟೈನ್‌ನಿಂದ ಕಾರ್ಖಾನೆಯಲ್ಲಿ ತಯಾರಾದದ್ದು. ನೋಡುವುದಕ್ಕೆ ಬಿಳಿಯ ಮಿಠಾಯಿಯಂತೆಯೇ ಇರುತ್ತದೆ, ಮಗುವಿನ ಕಣ್ಣಿಗೆ ಪೆಪ್ಪರ್‌ಮಿಂಟ್! ಪುಟ್ಟ ಮಗುವಿಗೆ ಒಂದು ಗ್ರಾಂನಷ್ಟು ಕರ್ಪೂರವೂ ಮಾರಕವಾಗಬಲ್ಲದು. ತಿಂದ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು.

ಅಮೆರಿಕದ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಕರ್ಪೂರದಿಂದ ಮೂವರು ಮಕ್ಕಳಿಗೆ ಫಿಟ್ಸ್ ಬಂದ ಪ್ರಕರಣ 2009ರಲ್ಲಿ ವರದಿಯಾಯಿತು. ಲೇಬಲ್ ಕೂಡ ಸರಿಯಾಗಿಲ್ಲದ ಕರ್ಪೂರವನ್ನು ಮನೆಮದ್ದಿಗೂ ಹುಳು ಹುಪ್ಪಟೆ ಓಡಿಸುವುದಕ್ಕೂ ತಂದಿಟ್ಟುಕೊಂಡಿದ್ದ ಮನೆಗಳು ಅವು. ದೇಶ ಬೇರೆಯಾದರೂ ನಮ್ಮ ಮನೆಗಳ ಕಥೆ ಇದಕ್ಕಿಂತ ತೀರಾ ಬೇರೆಯೇ?

ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಹಸುಗೂಸಿನ ಎದೆಗೆ ಹಚ್ಚುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. ಕರ್ಪೂರ ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತದೆ. ಹಾಗಾಗಿಯೇ ಕರ್ಪೂರವಿರುವ ವಿಕ್ಸ್ ವೇಪೊರಬ್‌ನಂತಹ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಅದರ ಲೇಬಲ್ ಮೇಲೆಯೇ ಬರೆದಿರುತ್ತದೆ. ಹಾಗೆಯೇ ಹೊಟ್ಟೆ ನೋವಿಗೆ ನೀರಿನಲ್ಲಿ ಹನಿ ಹಾಕಿ ಕೊಡುವ ಅಮೃತಧಾರೆ. ಕರ್ಪೂರ, ಪುದೀನ ಸತ್ವ, ಓಮದ ಸತ್ವ ಬೆರೆತ ದ್ರವ ಅದು. ಹೆಸರಿನಲ್ಲಿ ಅಮೃತ ಇದ್ದರೂ ಮಕ್ಕಳಿಗೆ ಕೊಡುವ ವಸ್ತುವಲ್ಲ.

ಬೆಂಗಳೂರಿನ ವೈದ್ಯರು ಕಂಡದ್ದು

ಮಕ್ಕಳಿಗೆ ಮಾತ್ರ ಈ ಎಚ್ಚರ ಎಂದುಕೊಂಡಿದ್ದರೆ ಬೆಂಗಳೂರಿನ ಕಡೆ ನೋಡಬೇಕು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನರರೋಗ ತಜ್ಞ ಡಾ. ಥಾಮಸ್ ಮ್ಯಾಥ್ಯೂ ಮತ್ತು ಸಂಗಡಿಗರು, ಫಿಟ್ಸ್ ಬಂದ ರೋಗಿಗಳನ್ನು "ಇತ್ತೀಚೆಗೆ ಯಾವುದಾದರೂ ಸುಗಂಧ ತೈಲ, ಬಾಮ್ ಬಳಸಿದ್ದೀರಾ?" ಎಂದು ಕೇಳತೊಡಗಿದರು. ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆ. ದಕ್ಷಿಣ ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ನಾಲ್ಕು ವರ್ಷ ನಡೆದ ಈ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 350 ವಯಸ್ಕ ರೋಗಿಗಳಲ್ಲಿ 55 ಮಂದಿ, ಅಂದರೆ ಸುಮಾರು ಶೇ. 16ರಷ್ಟು ಜನ, ಫಿಟ್ಸ್ ಬರುವ ಮೊದಲು ನೀಲಗಿರಿ ಅಥವಾ ಕರ್ಪೂರದ ಎಣ್ಣೆ ಇರುವ ವಸ್ತುವನ್ನು ಯಾವುದೋ ರೂಪದಲ್ಲಿ ಬಳಸಿದ್ದರು. ಕೆಲವರಿಗೆ ಮೊದಲೇ ಮೂರ್ಛೆ ರೋಗವಿತ್ತು, ಉಳಿದವರಿಗೆ ಅದು ಮೊದಲ ಫಿಟ್ಸ್.

ಇದರಿಂದ ಎಲ್ಲರೂ ಬಾಮ್ ಬಿಸಾಡಬೇಕು ಎಂದಲ್ಲ. ಕೋಟ್ಯಂತರ ಜನ ತಲೆನೋವಿಗೆ ಹಚ್ಚಿಕೊಂಡು ಆರಾಮವಾಗಿದ್ದಾರೆ. ಆದರೆ ಮನೆಯಲ್ಲಿ ಮೂರ್ಛೆ ರೋಗ ಇರುವವರು ಇದ್ದರೆ ಈ ಎರಡು ಎಣ್ಣೆಗಳನ್ನು ದೂರ ಇಡುವುದು, ತಮ್ಮ ಡಾಕ್ಟರಿಗೆ ಈ ವಿಷಯ ತಿಳಿಸುವುದು ಜಾಣತನ.

"ಶುದ್ಧ, ನೈಸರ್ಗಿಕ, ಕುಡಿಯಬಹುದು"

ಅಜ್ಜಿಯ ಬಾಟಲಿ ಹೀಗಾದರೆ, ಹೊಸ ತಲೆಮಾರಿನ ಬಾಟಲಿ ಬೇರೆ ದಾರಿಯಲ್ಲಿ ಮನೆ ಸೇರುತ್ತದೆ. ಪರಿಚಯಸ್ಥರ ಮೂಲಕ ಸರಪಳಿ ಮಾರಾಟ ನಡೆಸುವ ಕಂಪನಿಗಳ ಎಣ್ಣೆಗಳು ಆಸ್ಟ್ರೇಲಿಯಾದಲ್ಲೂ ಜನಪ್ರಿಯ. ಒಂದು ಲೋಟ ನೀರಿಗೆ ಎರಡು ಹನಿ ನಿಂಬೆ ಎಣ್ಣೆ, ಮಗುವಿನ ಜ್ವರಕ್ಕೆ ಪೆಪ್ಪರ್‌ಮಿಂಟ್ ಎಣ್ಣೆ... ಹೀಗೆ ಸಲಹೆಗಳು. ಹೇಳುವವರು ನಮ್ಮದೇ ಸ್ನೇಹಿತರು, ಮಕ್ಕಳ ಶಾಲೆಯ ಪರಿಚಯದವರು. ಹಾಗಾಗಿ ಅನುಮಾನ ಹುಟ್ಟುವುದಿಲ್ಲ.

2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಯಂಗ್ ಲಿವಿಂಗ್ ಮತ್ತು ಡೋಟೆರಾ ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಈ ಕಂಪನಿಗಳ ಮಾರಾಟ ಪ್ರತಿನಿಧಿಗಳು ಎಬೋಲಾ, ಕ್ಯಾನ್ಸರ್‌ನಂತಹ ಕಾಯಿಲೆಗಳಿಗೂ ಎಣ್ಣೆಯೇ ಮದ್ದು ಎಂದು ಪ್ರಚಾರ ಮಾಡಿದ್ದರು. ಇಂತಹ ಬಾಟಲಿಗಳ ಮೇಲೆ ಕಾಣುವ "ಥೆರಪ್ಯೂಟಿಕ್ ಗ್ರೇಡ್" ಎಂಬುದು ಯಾವ ಸರ್ಕಾರವೂ ಕೊಟ್ಟ ದರ್ಜೆಯಲ್ಲ, ಮಾರುವವರು ಕೊಟ್ಟುಕೊಂಡ ಹೆಸರು. "ಅಮೆರಿಕದಲ್ಲಿ ಆಹಾರಕ್ಕೆ ಸುರಕ್ಷಿತ ಎಂಬ ಪಟ್ಟಿಯಲ್ಲಿ ಇದೆ" ಎಂಬ ವಾದವೂ ಕೇಳಿಬರುತ್ತದೆ. ಆ ಪಟ್ಟಿ ಇರುವುದು ನಿಜ. ಆದರೆ ಅದು ಬಿಸ್ಕತ್ತು, ಚೂಯಿಂಗ್ ಗಮ್‌ಗಳಲ್ಲಿ ಪರಿಮಳಕ್ಕೆಂದು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವುದರ ಬಗ್ಗೆ. ಬಾಟಲಿಯಿಂದ ನೇರ ಲೋಟಕ್ಕೆ ಹನಿಸುವುದರ ಬಗ್ಗೆ ಅಲ್ಲ. ಎಣ್ಣೆ ನೀರಿನಲ್ಲಿ ಕರಗುವುದೂ ಇಲ್ಲ. ಮೇಲೆ ತೇಲುವ ಅದು ನೇರವಾಗಿ ಬಾಯಿ, ಗಂಟಲಿಗೆ ತಗುಲುತ್ತದೆ.

ಹಾಗಾದರೆ ಯಾವ ಎಣ್ಣೆಯನ್ನೂ ನುಂಗುವಂತೆಯೇ ಇಲ್ಲವೇ? ಇದೆ. ಕರುಳಿನ ತೊಂದರೆಗೆ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್‌ಗಳನ್ನು ವೈದ್ಯರು ಹೇಳುವುದುಂಟು. ಅದರಲ್ಲಿ ಇರುವುದು ಸುಮಾರು 0.2 ಮಿಲಿ ಲೀಟರ್ ಮಾತ್ರ. ಹೊಟ್ಟೆಯಲ್ಲಿ ಒಡೆಯದೆ ಕರುಳಿನಲ್ಲಿ ಬಿಚ್ಚಿಕೊಳ್ಳುವಂತೆ ಅದಕ್ಕೆ ಹೊದಿಕೆ ಇರುತ್ತದೆ. ಅಳತೆ ಗೊತ್ತಿದೆ, ಪರೀಕ್ಷೆ ಆಗಿದೆ, ಯಾರಿಗೆ ಎಂದು ನಿಗದಿಯಾಗಿದೆ. ಔಷಧಕ್ಕೂ ಬಾಟಲಿಯ ಎಣ್ಣೆಗೂ ಇರುವ ವ್ಯತ್ಯಾಸ ಇದೇ. ಇನ್ನು ಆಸ್ಟ್ರೇಲಿಯಾದಲ್ಲಿ ಪ್ಯಾಕೆಟ್ ಮೇಲೆ "ಆಸ್ಟ್ ಎಲ್" ಸಂಖ್ಯೆ ಇದ್ದರೆ ಅದು ಔಷಧ ನಿಯಂತ್ರಕ ಸಂಸ್ಥೆ ಟಿ.ಜಿ.ಎ. ಯ ಪಟ್ಟಿಯಲ್ಲಿದೆ ಎಂದರ್ಥ. ಅದು ಗುಣಪಡಿಸುತ್ತದೆ ಎಂದು ಟಿ.ಜಿ.ಎ. ಪರೀಕ್ಷಿಸಿ ಒಪ್ಪಿದೆ ಎಂದಲ್ಲ. "ಆಸ್ಟ್ ಆರ್" ಎಂದಿದ್ದರೆ ಮಾರಾಟಕ್ಕೆ ಮೊದಲೇ ಆ ಪರೀಕ್ಷೆ ಆಗಿರುತ್ತದೆ.

ಎಚ್ಚರಿಕೆ ಇಂಗ್ಲಿಷಿನಲ್ಲಿ, ಧೈರ್ಯ ಕನ್ನಡದಲ್ಲಿ!

ಆಸ್ಟ್ರೇಲಿಯಾದ ಕಾನೂನು ಈ ವಿಷಯದಲ್ಲಿ ಸಡಿಲವೇನಲ್ಲ. ಶೇ. 25ಕ್ಕಿಂತ ಹೆಚ್ಚು ನೀಲಗಿರಿ ಎಣ್ಣೆ ಇರುವ ಉತ್ಪನ್ನಗಳು ವಿಷ ವಸ್ತುಗಳ ಪಟ್ಟಿಯ ವ್ಯಾಪ್ತಿಗೆ ಬರುತ್ತವೆ. ಸಣ್ಣ ಬಾಟಲಿಗಳಿಗೆ ವಿನಾಯಿತಿ ಸಿಗಬೇಕಾದರೂ ಹನಿ ಹನಿಯಾಗಿ ಮಾತ್ರ ಬೀಳುವ ಒಳಮುಚ್ಚಳ, ಮಕ್ಕಳು ಸುಲಭವಾಗಿ ತೆರೆಯಲಾಗದ ಮುಚ್ಚಳ, ಎಚ್ಚರಿಕೆಯ ಮಾತುಗಳು ಮುಂತಾದ ಷರತ್ತುಗಳಿವೆ. ಊರಿನಿಂದ ಬರುವ ಬಾಟಲಿಗೆ ಇವು ಯಾವುವೂ ಇರಬೇಕೆಂದಿಲ್ಲ.

ಇಷ್ಟೆಲ್ಲ ಕಾನೂನು ಇದ್ದರೂ ಅದು ಯಾರಿಗೆ ತಲುಪಬೇಕು? ಮ್ಯಾಕ್ವೆರಿ ಪಾರ್ಕ್‌ನ ಅಪಾರ್ಟ್‌ಮೆಂಟ್‌ಗಳನ್ನೇ ತೆಗೆದುಕೊಳ್ಳಿ. ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೊರಟ ಮೇಲೆ ಮಗುವನ್ನು ನೋಡಿಕೊಳ್ಳುವವರು ಎಷ್ಟೋ ಮನೆಗಳಲ್ಲಿ ವಿಸಿಟರ್ ವೀಸಾದಲ್ಲಿ ಬಂದ ಅಜ್ಜಿ ತಾತ. ಮೆಲ್ಬರ್ನ್‌ನ ಬಡಾವಣೆಗಳಲ್ಲೂ ಇದೇ ಕಥೆ. ಮನೆಮದ್ದಿನ ಬಗ್ಗೆ ಮನೆಯಲ್ಲಿ ಹೆಚ್ಚು ತಿಳಿದವರು ಅವರೇ, ಇಂಗ್ಲಿಷ್ ಲೇಬಲ್ ಓದಲು ಹೆಚ್ಚು ಕಷ್ಟಪಡುವವರೂ ಅವರೇ. ವಿಷದ ಬಾಟಲಿಗಳ ಮೇಲೆ ಬಳಸುವ "ನಾಟ್ ಟು ಬಿ ಟೇಕನ್" ಎಂಬ ಮಾತನ್ನೇ ನೋಡಿ. ಅಲ್ಪ ಸ್ವಲ್ಪ ಇಂಗ್ಲಿಷ್ ಬಲ್ಲವರಿಗೆ ಅದು "ತೆಗೆದುಕೊಳ್ಳಬಾರದು" ಎಂದಷ್ಟೇ ಕಾಣುತ್ತದೆ. ಕುಡಿಯಬಾರದು, ಇದು ವಿಷ ಎಂದು ಹೊಳೆಯಬೇಕಲ್ಲ?

ಈ ಅಂತರವನ್ನು ಸರ್ಕಾರ ತುಂಬುವುದಿಲ್ಲ, ಕಂಪನಿಯೂ ತುಂಬುವುದಿಲ್ಲ. ಅದನ್ನು ತುಂಬಬೇಕಾದವರು ನಡುವಿನ ತಲೆಮಾರಿನ ನಾವು. ಹೇಳುವಾಗಲೂ ಹಿರಿಯರ ಮನಸ್ಸು ನೋಯಿಸಬೇಕಿಲ್ಲ. "ಅತ್ತೆ, ನೀವು ಮಾಡುವ ಶುಂಠಿ ಮೆಣಸಿನ ಕಷಾಯ ನಮಗೆಲ್ಲಾ ಬೇಕು. ಆದರೆ ಈ ಬಾಟಲಿ ಎಲೆಯಲ್ಲ, ಅದರ ನೂರು ಪಟ್ಟು ಸತ್ವ, ಮಗುವಿನ ಬಾಯಿಗೆ ಮಾತ್ರ ಬೇಡ" ಎಂದರೆ ಒಪ್ಪದ ಹಿರಿಯರು ಯಾರಿದ್ದಾರೆ?

ಮನೆಯಲ್ಲಿ ಇಂದೇ ಮಾಡಬಹುದಾದ ಕೆಲಸಗಳು

ಎಣ್ಣೆ, ಬಾಮ್, ಕರ್ಪೂರ ಎಲ್ಲವನ್ನೂ ಔಷಧಗಳಿಂದ ಬೇರೆ ಮಾಡಿ, ಎತ್ತರದಲ್ಲಿ ಬೀಗ ಹಾಕಿಡಿ. ದೇವರ ಮನೆ ನೆಲಮಟ್ಟದಲ್ಲಿದ್ದರೆ ಕರ್ಪೂರದ ಡಬ್ಬಿಯನ್ನು ಮಾತ್ರವಾದರೂ ಮೇಲಿಡಿ.

ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ "ಕುಡಿಯಬಾರದು, ವಿಷ" ಎಂದು ಬರೆದು ಅಂಟಿಸಿ.

ಹಬೆ ಯಂತ್ರವನ್ನು ನೆಲದ ಮೇಲೆ ಇಡಬೇಡಿ. ಪುಟ್ಟ ಮಕ್ಕಳ ಕೋಣೆಯಲ್ಲಿ ಎಣ್ಣೆ ಹಾಕಿದ ಹಬೆ ಬೇಡ. ಬಿಸಿನೀರಿನ ಪಾತ್ರೆಯಿಂದ ಸುಟ್ಟ ಗಾಯಗಳಾಗುವ ಅಪಾಯ ಬೇರೆ.

ಯಾರಾದರೂ ಎಣ್ಣೆ ಅಥವಾ ಕರ್ಪೂರ ನುಂಗಿದ ಅನುಮಾನ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯಬೇಡಿ. ವಿಷ ಮಾಹಿತಿ ಕೇಂದ್ರದ 13 11 26 ಸಂಖ್ಯೆಗೆ ಫೋನ್ ಮಾಡಿ. ಆಸ್ಟ್ರೇಲಿಯಾದ ಎಲ್ಲಿಂದ ಬೇಕಾದರೂ, ದಿನದ 24 ಗಂಟೆಯೂ ಸಿಗುತ್ತದೆ. ಬಾಟಲಿ ಕೈಯಲ್ಲಿ ಇರಲಿ. ದುಭಾಷಿ ಬೇಕಿದ್ದರೆ 131 450 ಸಂಖ್ಯೆಯ ಸರ್ಕಾರಿ ದುಭಾಷಿ ಸೇವೆಯನ್ನು ಕೇಳಬಹುದು. ಮಗು ಮಂಪರಿನಲ್ಲಿದ್ದರೆ, ಫಿಟ್ಸ್ ಬಂದಿದ್ದರೆ, ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ ನೇರ 000.

ಒಂದು ಮುಖ್ಯ ಮಾತು: ವಾಂತಿ ಮಾಡಿಸಬೇಡಿ! ಉಪ್ಪು ನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಈ ಎಣ್ಣೆಗಳು ತೆಳುವಾದವು. ವಾಂತಿಯ ಜೊತೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾದಂತಹ ತೊಂದರೆಯಾಗುತ್ತದೆ.

ಕೊನೆಯದಾಗಿ

ನೀಲಗಿರಿ ಮರ ಹುಟ್ಟಿದ್ದೇ ಈ ಆಸ್ಟ್ರೇಲಿಯಾ ನೆಲದಲ್ಲಿ. 1850ರ ದಶಕದಲ್ಲಿ ವಿಕ್ಟೋರಿಯಾದ ಡ್ಯಾಂಡಿನಾಂಗ್ ಬಳಿ ಜೋಸೆಫ್ ಬೊಸಿಸ್ಟೊ ಅದರ ಎಣ್ಣೆಯನ್ನು ವ್ಯಾಪಾರಕ್ಕೆಂದು ಬಟ್ಟಿ ಇಳಿಸಲು ಆರಂಭಿಸಿದರು. ಅದಕ್ಕೂ ಮೊದಲೇ, 1843ರಲ್ಲಿ, ಮರ ನಮ್ಮ ನೀಲಗಿರಿ ಬೆಟ್ಟಗಳಿಗೆ ಬಂದಿತ್ತು. ನಾವು ಬೆಟ್ಟದ ಹೆಸರನ್ನೇ ಮರಕ್ಕೆ ಕೊಟ್ಟು ಅದನ್ನು ನಮ್ಮ ಹಿತ್ತಲ ಗಿಡ ಮಾಡಿಕೊಂಡೆವು. ಈಗ ಅದೇ ಎಣ್ಣೆ ಸೂಟ್‌ಕೇಸಿನಲ್ಲಿ ತನ್ನ ತವರಿಗೆ ಮರಳುತ್ತಿದೆ! ತವರಿನವರು ಅದರ ಗುಣವನ್ನೂ ಬಲ್ಲರು, ಅದರ ವಿಷವನ್ನೂ ಬಲ್ಲರು. ಗುಣವನ್ನು ನಾವು ಬಹಳ ಹಿಂದೆಯೇ ಕಲಿತೆವು, ಉಳಿದ ಅರ್ಧವನ್ನು ಈಗಲಾದರೂ ಕಲಿಯೋಣ.

ಈ ಲೇಖನ ಮಾಹಿತಿಗಾಗಿ ಮಾತ್ರ. ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಡಾಕ್ಟರ ಸಲಹೆಯೇ ಅಂತಿಮ. ಓದಿದ ಮೇಲೆ ಮನೆಯಲ್ಲಿರುವ ಅಜ್ಜಿ ತಾತನಿಗೂ ಓದಿ ಹೇಳಿ. 13 11 26 ಸಂಖ್ಯೆಯನ್ನು ಫ್ರಿಡ್ಜ್ ಬಾಗಿಲಿಗೆ ಅಂಟಿಸಿ, ಅವರ ಮೊಬೈಲ್‌ನಲ್ಲೂ ಹಾಕಿಕೊಡಿ.